ಪೆಟ್ಟು ನಾಟದ ಪಾದ

ಠಾಣೆಯ ದಫೇದಾರರನ್ನು ಬೆನ್ನ ಹಿಂದೆ ಎಲ್ಲರೂ ಸ್ವಾಮಿಗಳು ಎನ್ನುತ್ತಿದ್ದರು. ಇರುವೆ ಸಾಲು ಕಂಡರೂ ದಾಟಿಕೊಂಡು ಹೋಗುವ ಸಾಧು ಮನುಷ್ಯ. ಹಿಂದಿನ ಕೋಣೆಯಲ್ಲಿ ಮಾತ್ರ, ಕೈಕಾಲು ತೊಳೆದು, ಕಣ್ಣು ಮುಚ್ಚಿ ಪ್ರಾರ್ಥಿಸಿ, ಆಮೇಲೆ ಬೆತ್ತ ಎತ್ತುತ್ತಿದ್ದರು. ತಪ್ಪು ಮಾಡದವನ ನೋವನ್ನು ದೇವರೇ ಹೊರುತ್ತಾನೆ, ಅಂಥವನ ಮೈಗೆ ಪೆಟ್ಟು ನಾಟುವುದಿಲ್ಲ ಎಂದು ಅವರ ನಂಬಿಕೆ. ಎಂಥ ಅನುಕೂಲದ ನಂಬಿಕೆ ನೋಡಿ! ಇಷ್ಟು ವರ್ಷದ ನೌಕರಿಯಲ್ಲಿ ಕೂಗದವನು ಒಬ್ಬನೂ ಸಿಕ್ಕಿರಲಿಲ್ಲ. ಹಾಗಾಗಿ ಊಟ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು.

ಒಂದು ಮಧ್ಯಾಹ್ನ ಬೇಕರಿಯ ಒಲೆ ಕೆಲಸದವನನ್ನು ಎಳೆದು ತಂದರು. ಮಾಲೀಕರ ಮನೆಯ ಸರ ಕಳುವಾಗಿತ್ತು. ಅವನ ಕಾಲನ್ನು ಬೆಂಚಿಗೆ ಕಟ್ಟಿ, ಪ್ರಾರ್ಥನೆ ಮುಗಿಸಿ, ದಫೇದಾರರು ಅಂಗಾಲಿಗೆ ಬಾರಿಸಿದರು. ಅವನು ಕೂಗಲಿಲ್ಲ. ಇನ್ನೂ ಜೋರಾಗಿ ಬಾರಿಸಿದರು. ಚರ್ಮ ಒಡೆದು ರಕ್ತ ಬಂತು. ಅವನು ತಲೆ ಎತ್ತಿ, ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡುತ್ತಿದ್ದ.

"ನಾನು ತಗೊಂಡಿಲ್ಲ ಸಾರ್," ಎಂದ ಮೆಲ್ಲಗೆ.

ದಫೇದಾರರ ಮೈ ಜುಮ್ಮೆಂದಿತು. ಕೊನೆಗೂ ದೇವರು ಈ ಕೋಣೆಗೆ ಬಂದಿದ್ದಾನೆ! ಮೂಲೆಯ ಕಡೆ ತಿರುಗಿ ನೋಡಲು ಅವರಿಗೆ ಧೈರ್ಯವಾಗಲಿಲ್ಲ. ತಾವೇ ಹಗ್ಗ ಬಿಚ್ಚಿ, ಕರವಸ್ತ್ರದಿಂದ ರಕ್ತ ಒರೆಸಿ, ಆ ಪಾದಕ್ಕೆ ಹಣೆ ಮುಟ್ಟಿಸಿದರು.

"ತಪ್ಪಾಯ್ತಪ್ಪಾ. ಮನೆಗೆ ಹೋಗು. ಸಾಹೇಬರಿಗೆ ನಾನು ಹೇಳ್ತೀನಿ."

ಹೊರಗೆ ಅವನ ಹೆಂಡತಿ ಕಾಯುತ್ತಿದ್ದಳು. ಗಂಡನ ಕಾಲು ಕಂಡದ್ದೇ ಓಡಿಬಂದು, ಕೆಳಗೆ ಕೂತು, ಚೀಲದಿಂದ ಬಟ್ಟೆ ತೆಗೆದು ಕಟ್ಟತೊಡಗಿದಳು.

"ಅಳಬೇಡಮ್ಮಾ," ಎಂದರು ದಫೇದಾರರು. ಅವರ ಕಣ್ಣಲ್ಲೂ ನೀರಿತ್ತು. "ನಿನ್ನ ಯಜಮಾನ ದೇವರಂಥೋನು. ಒಂದೇಟೂ ತಾಗಿಲ್ಲ."

"ತಾಗಿದ್ರೂ ಇವರಿಗೆಲ್ಲಿ ಗೊತ್ತಾಗುತ್ತಣ್ಣಾ?" ಆಕೆ ಗಂಟು ಬಿಗಿಯುತ್ತ ಹೇಳಿದಳು. "ಶುಗರ್ ಬಂದು ಎರಡೂ ಪಾದ ಮರಗಟ್ಟಿವೆ. ಮೊನ್ನೆ ಕೆಂಡ ತುಳಿದ್ರೂ, ವಾಸನೆ ಬಂದ ಮೇಲೇ ನೋಡ್ಕೊಂಡಿದ್ದು."

ದಫೇದಾರರು ನಿಂತಲ್ಲೇ ನಿಂತರು. ಹಿಂದಿನ ಕೋಣೆಯಲ್ಲಿ ಕೂಗಿದವರೆಲ್ಲ ಈಗ ಕಣ್ಣೆದುರಿಗೆ ಸಾಲಾಗಿ ಕೂತು, ತುಟಿ ಬಿಚ್ಚದೆ ತಮ್ಮನ್ನೇ ನೋಡುತ್ತಿರುವಂತೆ ಅನ್ನಿಸಿತು. ಇವನ ಮೌನ ದೇವರದಲ್ಲವಾದರೆ, ಅವರ ಕೂಗಿನಿಂದ ತಾವು ತಿಳಿದುಕೊಂಡಿದ್ದಾದರೂ ಏನು? ಈ ಅನುಮಾನ ಹೊತ್ತುಕೊಂಡು ಅವರು ಮನೆಗೆ ಹೋಗುವಂತಿರಲಿಲ್ಲ.

"ಒಳಗೆ ಬಾ," ಎಂದರು ಅವನಿಗೆ. "ಅಂಗಿ ಬಿಚ್ಚು."

"ಬಿಟ್ಟಿದ್ರಲ್ಲಣ್ಣಾ!" ಆಕೆ ಗಂಡನ ತೋಳು ಹಿಡಿದುಕೊಂಡಳು.

ಅವರು ಆಕೆಯ ಬೆರಳುಗಳನ್ನು ಮೃದುವಾಗಿ ಬಿಡಿಸಿ, ನಲ್ಲಿಗೆ ಹೋಗಿ ಮತ್ತೆ ಕೈಕಾಲು ತೊಳೆದುಕೊಂಡರು. ಈ ಸಲ ಪ್ರಾರ್ಥನೆ ಬಹಳ ಹೊತ್ತು ನಡೆಯಿತು.

ಬೆನ್ನಿಗೆ ಮೊದಲ ಏಟು ಬಿದ್ದದ್ದೇ ಅವನು ಗಂಟಲು ಕಿತ್ತುಹೋಗುವ ಹಾಗೆ ಕಿರುಚಿದ. ಹೊರಗೆ ಹೆಂಡತಿ ಬಾಗಿಲು ಬಡಿಯತೊಡಗಿದಳು. ದಫೇದಾರರಿಗೆ ಹೋದ ಜೀವ ಬಂದಂತಾಯಿತು.