ಲಿಫ್ಟಣ್ಣನ ಮೂಲೆ ಕೋಣೆ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕಟ್ಟಡಗಳ ಕಾವಲುಗಾರರಿಂದ ಹಿಡಿದು ಕಂಪನಿಯ ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವನು ಲಿಫ್ಟಣ್ಣ. ಎಲ್ಲೇ ಲಿಫ್ಟ್ ಕೆಟ್ಟು ನಿಂತರೂ ಅವನೇ ಬೇಕು. ಊಟಕ್ಕೆ ಕೂತಿದ್ದರೂ ಫೋನ್ ಬಂದರೆ ತಟ್ಟೆ ಸರಿಸಿ ಏಳುತ್ತಿದ್ದ.

"ಒಳಗೆ ಜನ ಸಿಕ್ಕಿಹಾಕಿಕೊಂಡಿದ್ದಾರೆ ಕಣೇ."

"ನಾನೂ ಈ ಮನೆಯೊಳಗೆ ಸಿಕ್ಕಿಹಾಕಿಕೊಂಡಿದ್ದೀನಿ. ನನ್ನನ್ನ ಯಾವಾಗ ಬಿಡಿಸ್ತೀರಿ?" ಎಂದು ಹೆಂಡತಿ ಕೇಳುತ್ತಿದ್ದಳು.

ಮೊದಮೊದಲು ನಗುತ್ತಲೇ ಕೇಳುತ್ತಿದ್ದಳು. ಬರಬರುತ್ತಾ ನಗು ನಿಂತಿತು, ಆಮೇಲೆ ಕೇಳುವುದೂ ನಿಂತಿತು. ಮಗಳು ಮೊದಲ ಸಲ ಶಾಲೆಗೆ ಹೋದ ದಿನ, ಅತ್ತೆಗೆ ಆಪರೇಷನ್ ಆದ ದಿನ, ಎರಡು ದಿನವೂ ಅವನು ಯಾವುದೋ ಕಟ್ಟಡದ ಲಿಫ್ಟಿನ ತಳದ ಗುಂಡಿಯಲ್ಲಿ ಗ್ರೀಸ್ ಮೆತ್ತಿಕೊಂಡು ಕೂತಿದ್ದ. ಕೊನೆಗೆ ಅವಳು ಮಗಳನ್ನು ಕರೆದುಕೊಂಡು ಅಣ್ಣನ ಊರಿಗೆ ಹೊರಟಳು. ಜಗಳವಾಡಿ ಹೋಗಿದ್ದರೆ ಕೈಕಾಲು ಹಿಡಿದು ಕರೆತರಬಹುದಿತ್ತೇನೋ. ಅವಳು ಅವನ ಬಟ್ಟೆಗಳನ್ನು ಮಡಚಿಟ್ಟು, ಗ್ಯಾಸ್ ಆಫ್ ಮಾಡಿ, ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದಳು.

ಆ ಊರಿನ ಲಿಫ್ಟುಗಳ ತಪಾಸಣೆಯೂ ಅವನ ಪಾಲಿಗೇ ಇತ್ತು ಅನ್ನುವುದೊಂದೇ ಅವನ ಪುಣ್ಯ. ತಿಂಗಳಿಗೊಮ್ಮೆ ಹೋಗಬೇಕಿತ್ತು. ಕಂಪನಿಯವರು ಪೇಟೆಯ ನಡುವಿನ ಒಂದು ಹಳೆಯ ಹೋಟೆಲಿನಲ್ಲಿ ಅವನಿಗೆ ಕೋಣೆ ಹಿಡಿಯುತ್ತಿದ್ದರು. ಮತ್ತೆ ಮತ್ತೆ ಬರುವ ಗಿರಾಕಿ ಎಂದು ಹೋಟೆಲಿನವರು ಅವನಿಗೊಂದು ಸದಸ್ಯತ್ವದ ಕಾರ್ಡು ಕೊಟ್ಟರು. ಉಳಿದ ಪ್ರತಿ ರಾತ್ರಿಗೂ ಪಾಯಿಂಟು. ಪಾಯಿಂಟು ಸಾಕಷ್ಟು ಸೇರಿದರೆ ಬಿಟ್ಟಿ ಕೋಣೆ. ನೀಲಿ ಕಾರ್ಡು ಹೋಗಿ ಬೆಳ್ಳಿ ಬಂತು, ಬೆಳ್ಳಿ ಹೋಗಿ ಚಿನ್ನದ ಬಣ್ಣದ್ದು ಬಂತು. ಚಿನ್ನದ ಕಾರ್ಡಿನವರಿಗೆ ಕೌಂಟರಿನ ಕನ್ನಡಕದ ಅಕ್ಕ ಒಳ್ಳೆಯ ಕೋಣೆಯನ್ನೇ ಎತ್ತಿಡುತ್ತಿದ್ದರು.

ಅದು ಮೂಲೆ ಕೋಣೆ. ಅರ್ಧಕ್ಕೆ ಒಂದು ಮರದ ಗೋಡೆ, ಅದರಾಚೆ ಚಿಕ್ಕ ಕಿಟಕಿ, ಎಳೆದರೆ ಹಾಸಿಗೆಯಾಗುವ ಸೋಫಾ, ಅಡ್ಡಕ್ಕೊಂದು ದಪ್ಪ ಪರದೆ. ಶನಿವಾರ ಮಗಳು ಬಂದರೆ ಆಚೆಯ ಭಾಗ ಅವಳದು. "ಇದು ನನ್ನ ಮನೆ. ಅಪ್ಪ ಕೇಳದೆ ಒಳಗೆ ಬರೋ ಹಾಗಿಲ್ಲ" ಎಂದು ಕಾನೂನು ಮಾಡಿದ್ದಳು. ಪರದೆಯ ಆಚೆಯಿಂದ ಅವಳು ಮಾತಾಡುತ್ತಿದ್ದಳು, ಈಚೆಯಿಂದ ಅವನು ಹೂಂಗುಟ್ಟುತ್ತಿದ್ದ. ಮುಖ ಕಾಣದಿದ್ದರೆ ಮಕ್ಕಳು ಎಷ್ಟೊಂದು ಹೇಳುತ್ತಾರೆ! ಗಣಿತದ ಮೇಷ್ಟರ ಕೋಪ, ಗೆಳತಿ ಮಾತು ಬಿಟ್ಟದ್ದು, ಅಮ್ಮ ಒಂದೊಂದು ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು, ಎಲ್ಲ ಅವನಿಗೆ ಗೊತ್ತಾದದ್ದು ಆ ಪರದೆಯ ಮೂಲಕವೇ.

ಆಮೇಲೆ ಹೋಟೆಲು ನವೀಕರಣಕ್ಕೆಂದು ಬಾಗಿಲು ಹಾಕಿತು. ಸುತ್ತ ಹಸಿರು ಬಟ್ಟೆ ಕಟ್ಟಿದರು. ಕಂಪನಿಯವರು ಅವನನ್ನು ಬಸ್ ನಿಲ್ದಾಣದ ಹಿಂದಿನ ಲಾಡ್ಜಿಗೆ ಹಾಕಿದರು. ಹೆಣ್ಣುಮಗುವನ್ನು ಕರೆದುಕೊಂಡು ಹೋಗುವಂಥ ಜಾಗವಲ್ಲ ಅದು. ಅಪ್ಪ ಮಗಳು ಪಾರ್ಕಿನಲ್ಲಿ, ಅಂಗಡಿ ಸಾಲಿನಲ್ಲಿ ಭೇಟಿಯಾಗುತ್ತಿದ್ದರು. ಐಸ್‌ಕ್ರೀಮ್ ಕರಗುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಜೊತೆಯ ಕೆಲಸಗಾರ ಬುದ್ಧಿ ಹೇಳಿದ: "ಅದೇ ಪಾಯಿಂಟಿಗೆ ಬೇರೆ ಊರಿನ ಅವರ ಹೋಟೆಲಲ್ಲೂ ಕೋಣೆ ಕೊಡ್ತಾರಂತೆ. ಖರ್ಚು ಮಾಡಿಬಿಡಣ್ಣ. ಉಪ್ಪಿನಕಾಯಿ ಹಾಕ್ತೀಯಾ?"

"ಹೋಟೆಲು ತೆರೀಲಿ ತಡಿಯೋ. ಮಗಳಿಗೆ ಆ ಕೋಣೆಯೇ ಆಗಬೇಕು."

ಎರಡು ವರ್ಷ ಹಾಗೇ ಕಾದ. ಹೋಟೆಲು ತೆರೆಯಿತು ಎಂದು ತಿಳಿದ ದಿನವೇ ಹೆಂಡತಿಗೆ ಫೋನ್ ಮಾಡಿದ. ಮಗಳು ಬೇಸಿಗೆ ರಜೆಯಲ್ಲಿ ಒಂದು ವಾರ ತನ್ನ ಜೊತೆ ಇರಲಿ ಎಂದು ಗೋಗರೆದ. ಅವಳು ಒಂದು ಷರತ್ತು ಹಾಕಿದಳು.

"ಒಂದು ವಾರ ಪೂರ್ತಿ ಅವಳ ಜೊತೆ ಇರಿ, ನೋಡೋಣ. ಇದ್ದು ತೋರಿಸಿದರೆ ಪ್ರತಿ ರಜೆಗೂ ಕಳಿಸ್ತೀನಿ. ಆದರೆ ನಡುವೆ ಲಿಫ್ಟು ಗಿಫ್ಟು ಅಂತ ಎದ್ದು ಹೋದಿರೋ, ಇನ್ನೊಂದು ಸಲ ಬಾಯಿ ತೆರೀಬೇಡಿ."

"ಫೋನನ್ನೇ ಆಫ್ ಮಾಡಿಡ್ತೀನಿ ಮಾರಾಯ್ತಿ" ಎಂದ. ಸಾಹೇಬರಿಗೆ ಹೇಳಿ ರಜೆ ಹಾಕಿದ. ಅವನು ಅಷ್ಟು ದಿನ ಒಟ್ಟಿಗೆ ರಜೆ ಕೇಳಿದ್ದು ಅದೇ ಮೊದಲು.

ನವೀಕರಣವಾದ ಮೇಲೆ ಒಂದೊಂದು ರಾತ್ರಿಗೂ ಮೊದಲಿನ ಹೆಚ್ಚುಕಮ್ಮಿ ಎರಡರಷ್ಟು ಪಾಯಿಂಟು ಕೇಳುತ್ತಿದ್ದರು. ಕೂಡಿಟ್ಟದ್ದೆಲ್ಲ ಒಂದೇ ವಾರಕ್ಕೆ ಕರಗಿತು. ಹೋಗಲಿ ಬಿಡು ಎಂದುಕೊಂಡ. ಫೋನಿನಲ್ಲಿ ಕೋಣೆ ಕಾದಿರಿಸುವಾಗ ಹೋಟೆಲಿನ ಆ್ಯಪು ದೊಡ್ಡವರೆಷ್ಟು, ಮಕ್ಕಳೆಷ್ಟು ಎಂದು ಕೇಳಿತ್ತು. ಹನ್ನೆರಡು ದಾಟಿದವರೆಲ್ಲ ದೊಡ್ಡವರ ಲೆಕ್ಕ ಎಂದು ಕೆಳಗೆ ಬರೆದಿತ್ತು. ಮಗಳಿಗೆ ಹದಿಮೂರು. ಸುಳ್ಳು ಯಾಕೆ ಹೇಳಬೇಕು ಎಂದು ದೊಡ್ಡವರು ಇಬ್ಬರು ಎಂದೇ ಒತ್ತಿದ.

ರಜೆಯ ಮೊದಲ ದಿನ ಮಧ್ಯಾಹ್ನ ಮಗಳು ಬ್ಯಾಗು ಹೊತ್ತು ಹೋಟೆಲಿಗೆ ಬಂದಳು. ಅವನ ಭುಜದವರೆಗೆ ಬೆಳೆದಿದ್ದಳು.

"ಅಪ್ಪಾ, ನನ್ನ ಮನೆ ಹಾಗೇ ಇದೆಯಾ?"

"ಎಲ್ಲಿಗೆ ಹೋಗುತ್ತೆ ಪುಟ್ಟಿ? ಬಣ್ಣ ಹೊಡೆದಿರ್ತಾರೆ ಅಷ್ಟೇ."

ಕೌಂಟರಿನಲ್ಲಿ ಕನ್ನಡಕದ ಅಕ್ಕ ಇರಲಿಲ್ಲ. ಹೊಸಬಳೊಬ್ಬಳು ಚಿನ್ನದ ಕಾರ್ಡು ನೋಡಿ ಮುಖ ಅರಳಿಸಿದಳು. "ಹಳೇ ಸದಸ್ಯರು ನೀವು! ಎಲ್ಲಕ್ಕಿಂತ ಒಳ್ಳೆ ಕೋಣೆ ಕೊಟ್ಟಿದ್ದೀವಿ ಸರ್. ಒಳಗೆ ನಿಮಗೊಂದು ಸರ್ಪ್ರೈಸ್ ಕೂಡ ಇದೆ." ಲಿಫ್ಟಣ್ಣ ಹಿಗ್ಗಿ ಹೀರೇಕಾಯಿಯಾದ. ಮಗಳ ಕಡೆ ತಿರುಗಿ, ನೋಡಿದೆಯಾ ನಿನ್ನಪ್ಪನ ದರ್ಬಾರು ಎಂಬಂತೆ ಹುಬ್ಬು ಹಾರಿಸಿದ.

ಅದೇ ಮೂಲೆ ಕೋಣೆ. ಬಾಗಿಲು ತೆರೆದ.

ಮರದ ಗೋಡೆ ಇರಲಿಲ್ಲ. ಸೋಫಾ ಇರಲಿಲ್ಲ, ಪರದೆಯೂ ಇರಲಿಲ್ಲ. ಇಡೀ ಕೋಣೆ ಒಂದೇ ಬಯಲು. ನಡುವೆ ಒಂದೇ ಒಂದು ದೊಡ್ಡ ಮಂಚ. ಅದರ ಮೇಲೆ ಗುಲಾಬಿ ಎಸಳುಗಳನ್ನು ಹೃದಯದ ಆಕಾರಕ್ಕೆ ಹರಡಿ, ಟವೆಲು ಮಡಚಿ ಮಾಡಿದ ಎರಡು ಹಂಸಗಳನ್ನು ಕೊಕ್ಕಿಗೆ ಕೊಕ್ಕು ತಾಗಿಸಿ ಕೂರಿಸಿದ್ದರು. ಹಳೇ ಸದಸ್ಯ, ದೊಡ್ಡವರು ಇಬ್ಬರು. ಗಂಡ ಹೆಂಡತಿ ಎಂದುಕೊಂಡಿದ್ದರು. ಮಂಚದ ಎದುರಿಗೇ ಬಾತ್‌ರೂಮು. ಅದಕ್ಕೆ ಗೋಡೆಯ ಬದಲು ಗಾಜು. ಸೊಂಟದೆತ್ತರದಲ್ಲಿ ಒಂದು ಪಟ್ಟಿ ಮಬ್ಬು ಬಳಿದದ್ದು ಬಿಟ್ಟರೆ ಒಳಗಿನ ಸೋಪಿನ ಬಣ್ಣವೂ ಕಾಣುತ್ತಿತ್ತು.

ಮಗಳು ಬಾಗಿಲಲ್ಲೇ ನಿಂತಳು. ಅವಳ ಕಿವಿ ಕೆಂಪಾಯಿತು. ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗವಚಿಕೊಂಡಳು.

"ಏನೋ ತಪ್ಪಾಗಿದೆ ಪುಟ್ಟಿ. ತಡಿ, ತಡಿ" ಎಂದು ಅವನು ಎರಡೂ ಕೈಯಲ್ಲಿ ಎಸಳುಗಳನ್ನು ಬಾಚತೊಡಗಿದ. ಬಾಚಿದಷ್ಟೂ ನೆಲಕ್ಕೆ ಉದುರಿದವು. ಹಂಸಗಳ ಕತ್ತು ಹಿಡಿದು ಕೊಡವಿದ.

ಮಗಳನ್ನು ಕೆಳಗಿನ ಹಜಾರದಲ್ಲಿ ಕೂರಿಸಿ ಕೌಂಟರಿಗೆ ಹೋದ. ಎರಡು ಮಂಚದ ಕೋಣೆಗಳೆಲ್ಲ ಪ್ರವಾಸಿ ಗುಂಪುಗಳಿಗೆ ಹೋಗಿವೆ, ಗಾಜಿಲ್ಲದ ಕೋಣೆ ಒಂದೂ ಉಳಿದಿಲ್ಲ, ಇನ್ನೊಂದು ಕೋಣೆ ಬೇಕೆಂದರೆ ಇಲ್ಲಾಗಲಿ ಊರಿನ ಬೇರೆ ಹೋಟೆಲುಗಳಲ್ಲಾಗಲಿ ವಾರಪೂರ್ತಿ ಖಾಲಿಯಿಲ್ಲ, ಕೊಟ್ಟ ಪಾಯಿಂಟು ವಾಪಸ್ಸು ಬರುವುದಿಲ್ಲ. ಕೌಂಟರಿನ ಹುಡುಗಿ ಪಾಪ, ಮುಖ ಚಿಕ್ಕದು ಮಾಡಿಕೊಂಡೇ ಹೇಳಿದಳು.

ಅವನು ತಿರುಗಿ ನೋಡಿದ. ಮಗಳು ಎತ್ತರದ ಸ್ಟೂಲಿನ ಮೇಲೆ ಕಾಲು ನೇತುಬಿಟ್ಟು ಕೂತಿದ್ದಳು. ಬ್ಯಾಗು ಇನ್ನೂ ಎದೆಯ ಮೇಲೇ ಇತ್ತು. ಅವನು ಹತ್ತಿರ ಬಂದದ್ದೇ ಗಬಗಬನೆ ಹೇಳಿದಳು: "ಪರವಾಗಿಲ್ಲಪ್ಪಾ. ನಾನು ಇರ್ತೀನಿ. ಸ್ನಾನಕ್ಕೆ ದಿನಾ ಮಾಮನ ಮನೆಗೆ ಹೋಗಿ ಬರ್ತೀನಿ." ಹೇಳುವಾಗ ಅವನ ಮುಖ ನೋಡಲಿಲ್ಲ.

ತನಗಾಗಿ ಮಗು ಹಲ್ಲು ಕಚ್ಚಿಕೊಂಡು ಒಂದು ವಾರ ಕಳೆಯಬೇಕೇ? ಬೇಡ ಅನ್ನಲು ಅವಳಿಗೆ ಬಾಯಿಲ್ಲ. ಅವನು ಜೇಬಿನಿಂದ ಫೋನ್ ತೆಗೆದ. ಅದು ಬೆಳಗ್ಗೆಯಿಂದ ಆಫಾಗಿತ್ತು.

"ಅಯ್ಯೋ ಪುಟ್ಟಿ, ಈಗ ತಾನೇ ಕಂಪನಿಯಿಂದ ಹೇಳಿ ಕಳಿಸಿದ್ದಾರೆ. ಆಸ್ಪತ್ರೆಯ ಲಿಫ್ಟಂತೆ. ನಾನು ಹೋಗಲೇಬೇಕು."

"ಹೌದಾ?" ಎಂದಳು. ಅವಳ ಹೆಗಲು ಸಡಿಲವಾದದ್ದು ಅವನಿಗೆ ಕಂಡಿತು. ಬಿಗಿಹಿಡಿದ ಉಸಿರು ಹೊರಗೆ ಬಂದದ್ದು ಕೇಳಿಸಿತು. ಅವನು ಆಚೆ ಹೋಗಿ ಫೋನ್ ಆನ್ ಮಾಡಿ, ಬಂದು ಮಗಳನ್ನು ಕರೆದುಕೊಂಡು ಹೋಗೆಂದು ಹೆಂಡತಿಗೆ ಹೇಳಿದ.

ಹೆಂಡತಿ ಆಟೋದಲ್ಲಿ ಬಂದಳು. ಒಳಗೆ ಕಾಲಿಡುವಾಗಲೇ ಶುರು.

"ಒಂದು ದಿನ! ಒಂದು ದಿನವೂ ಆಗಲಿಲ್ಲ ಅಲ್ವಾ ನಿಮ್ಮ ಕೈಲಿ?"

"ಆಸ್ಪತ್ರೆ ಲಿಫ್ಟು..."

"ಯಾವುದಾದರೂ ಇರುತ್ತೆ. ಇಲ್ಲದಿದ್ದರೆ ನೀವು ಹುಟ್ಟಿಸ್ತೀರಿ. ಹುಡುಗಿ ನಿನ್ನೆಯಿಂದ ಬ್ಯಾಗು ತುಂಬಿಟ್ಟು ಕೂತಿದ್ದಳು ಕಣ್ರೀ. ಇನ್ನು ರಜೆ ಅಂತ ನನಗೆ ಫೋನ್ ಮಾಡಬೇಡಿ. ನಿಮಗೂ ಆ ಲಿಫ್ಟುಗಳಿಗೂ ಒಳ್ಳೇದಾಗಲಿ."

ಮಗಳು ತಲೆ ಎತ್ತಿದಳು. "ಅಮ್ಮಾ, ಅದು ಹಾಗಲ್ಲ, ಮೇಲೆ ಕೋಣೆ..." ಎಂದಳು. ಅಮ್ಮ ತಿರುಗುವಷ್ಟರಲ್ಲಿ ಲಿಫ್ಟಣ್ಣ ಕಣ್ಣಲ್ಲೇ ಬೇಡ ಎಂದ. ಹೂವು ಹರಡಿದ ಆ ಮಂಚದ ಕಥೆಯನ್ನು ಈ ಮಗು ತನ್ನ ಬಾಯಿಂದ ಹೇಳಬೇಕಾಗುವುದು ಬೇಡ. ಅವಳು ತುಟಿ ಕಚ್ಚಿದಳು. ಹೋಗುವಾಗ ಅಮ್ಮನಿಗೆ ಕಾಣದ ಹಾಗೆ ಅವನ ಅಂಗಿಯ ತೋಳನ್ನು ಒಮ್ಮೆ ಹಿಡಿದು ಬಿಟ್ಟಳು.

ಆಟೋ ತಿರುವಿನಲ್ಲಿ ಮರೆಯಾದ ಮೇಲೂ ಅವನು ಗಾಜಿನ ಬಾಗಿಲ ಬಳಿಯೇ ನಿಂತಿದ್ದ. ಕೌಂಟರಿನ ಹುಡುಗಿ ಮೆಲ್ಲಗೆ ಬಂದು ಕೇಳಿದಳು: "ಸರ್, ಹಳೇ ಸದಸ್ಯರ ಅಭಿಪ್ರಾಯ ಕೇಳಿ ಅಂದಿದ್ದಾರೆ. ಹೋಟೆಲಿನ ಹೊಸ ರೂಪ ಹೇಗನ್ನಿಸ್ತು?"

ಅವನು ಸ್ವಲ್ಪ ಯೋಚಿಸಿದ. ಅವಳ ತಪ್ಪೇನೂ ಇರಲಿಲ್ಲ.

"ಬೆಳಕು ಚೆನ್ನಾಗಿದೆಯಮ್ಮ" ಎಂದ.

ಆ ಕೋಣೆ ಇಡೀ ವಾರ ಅವನದೇ ಆಗಿತ್ತು. ಆದರೆ ಆಡಿದ ಸುಳ್ಳಿನಂತೆ ನಡೆದುಕೊಳ್ಳಬೇಕಲ್ಲ. ಅದೇ ಊರಿನಲ್ಲಿ ಹೆಂಡತಿಯ ಕಣ್ಣಿಗೆ ಬಿದ್ದರೆ ಉತ್ತರ ಹೇಳುವ ಕಷ್ಟ ಮಗಳ ತಲೆಗೆ ಬರುತ್ತಿತ್ತು. ಮೇಲೆ ಹೋಗಿ ತನ್ನ ಚೀಲ ತಂದು ಕೌಂಟರಿಗೆ ಕೀಲಿ ಕಾರ್ಡು ಕೊಟ್ಟ. ಬಿಸಿಲು ಇಳಿಯುವ ಮೊದಲೇ ಬಸ್ಸಿನಲ್ಲಿ ಕೂತಿದ್ದ.

ಪಕ್ಕದವರು ಮಾತಿಗೆಳೆದರು. "ಕೆಲಸದ ಮೇಲೆ ಹೊರಟಿರಾ?"

"ಹೂಂ, ಕೆಲಸದ ಮೇಲೆ" ಎಂದು ಲಿಫ್ಟಣ್ಣ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.