ಪಲ್ಲವಿಗೆ ಜೆರಾಕ್ಸ್ ಇಲ್ಲ

ಬೀದಿ ಇನ್ನೂ ಪೂರ್ತಿ ಎದ್ದಿಲ್ಲ. ಸಾಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿವೆ, ಒಂದರ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಗೆ ನುಸುಳಿದರೆ ಕಾಗದದ ಕಟ್ಟುಗಳ ನಡುವೆ ಜೆರಾಕ್ಸ್ ಅಕ್ಕ ನಿಂತಿದ್ದಾರೆ. ಮಷೀನಿನ ಮುಚ್ಚಳ ಎತ್ತಿಟ್ಟು, ಗಾಜಿನ ಮೇಲೆ ಹಾಳೆ ಹರಡಿ, ಕತ್ತು ಬಗ್ಗಿಸಿ ಚಿತ್ರ ಬರೆಯುತ್ತಿದ್ದಾರೆ. ಒಂದು ಸಾಲು ಗುನುಗುತ್ತಾರೆ, ನಿಲ್ಲಿಸುತ್ತಾರೆ, ಒಂದು ಗೆರೆ ಎಳೆಯುತ್ತಾರೆ. ಮತ್ತೆ ಅದೇ ಸಾಲು, ಈ ಸಲ ಇನ್ನಷ್ಟು ನಿಧಾನ. ಎಳೆದ ಗೆರೆ ಸರಿಬರದೆ ರಬ್ಬರಿನ ಪಾಲಾಗುತ್ತದೆ.

"ಈ ಗಾಜಿಗಿಂತ ಒಳ್ಳೆ ಮೇಜು ಎಲ್ಲಿ ಸಿಗುತ್ತೆ ಹೇಳಿ? ಮಟ್ಟಸವಾಗಿದೆ, ಬೆಚ್ಚಗಿರುತ್ತೆ. ಗಿರಾಕಿಗಳು ಬಂದ್ಮೇಲೆ ಇದು ಅವರದ್ದು. ಅಲ್ಲೀವರೆಗೂ ನಾನೇ ಇಲ್ಲಿ ರಾಣಿ," ಎಂದು ನಗುತ್ತಾರೆ. ಬೆರಳ ತುದಿಗಳಲ್ಲಿ ಟೋನರಿನ ಕಪ್ಪು ಪುಡಿ. ಎಷ್ಟು ತೊಳೆದರೂ ಅದು ಹೋಗುವುದಿಲ್ಲವಂತೆ, ಅವರೂ ಅದರ ಆಸೆ ಬಿಟ್ಟಿದ್ದಾರೆ.

ಜೆರಾಕ್ಸ್ ಅಕ್ಕ ಹಾಡುಗಳನ್ನು ಕಾಮಿಕ್ಸ್ ಮಾಡುತ್ತಾರೆ. ಹಾಡನ್ನು ಯಾರಾದರೂ ಕೇಳುತ್ತಾರೆಯೇ ಹೊರತು ನೋಡುತ್ತಾರೆಯೇ ಎಂದು ಮೂಗು ಮುರಿಯುವವರು ರಸ್ತೆ ದಾಟಿ ನೋಡಿದರೆ ಸಾಕು. ಎದುರಿಗಿರುವುದು ಕಿವಿ ಕೇಳದ ಮಕ್ಕಳ ಶಾಲೆ. ಅಲ್ಲಿನ ಮಕ್ಕಳು ಸಂಜೆ ಶಾಲೆ ಬಿಟ್ಟೊಡನೆ ಕೌಂಟರಿಗೆ ಮುಗಿಬೀಳುತ್ತಾರೆ. ಬಸ್ ಡ್ರೈವರ್ ಹಾಕುವ ಹಾಡಿಗೆ ಅವನ ತಲೆ ಹಾಗೇಕೆ ಅಲ್ಲಾಡುತ್ತದೆ, ಮದುವೆ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಹೇಗೆ ಕೈ ಎತ್ತುತ್ತಾರೆ, ಇದೆಲ್ಲ ಅವರಿಗೆ ಗೊತ್ತಾಗಬೇಕು. ಕೈಭಾಷೆಯಲ್ಲಿ ಕೇಳುತ್ತಾರೆ, ಅಕ್ಕ ಕೈಭಾಷೆಯಲ್ಲೇ "ನಾಳೆ ಬಾ" ಎನ್ನುತ್ತಾರೆ. ಚಿಕ್ಕ ಹಾಡಾದರೆ ಮರುದಿನ ಸಂಜೆಯಷ್ಟರಲ್ಲಿ ಹಾಳೆಗಿಳಿದಿರುತ್ತದೆ.

ಬರೆಯುವುದು ಒಂದು ಮಗ್ಗುಲು ಹಾಳಾದ ಕಾಗದದ ಹಿಂಬದಿಯಲ್ಲಿ. ಹಾಗಾಗಿ ಒಂದು ಪ್ರೇಮಗೀತೆಯ ಬೆನ್ನಿಗೆ ಯಾರದೋ ಬಾಡಿಗೆ ಕರಾರು ಇದೆ, ಇನ್ನೊಂದು ಕುಣಿತದ ಹಾಡಿನ ಹಿಂದೆ ಗಣಿತದ ಪ್ರಶ್ನೆಪತ್ರಿಕೆ ಸೊಟ್ಟಗೆ ಕೂತಿದೆ. "ಕರಾರು ಓದಿದೋರು ಯಾರೂ ಇಲ್ಲ, ಹಾಡು ಎಲ್ಲರೂ ಓದ್ತಾರೆ," ಎನ್ನುತ್ತಾರೆ ಅಕ್ಕ.

ಈ ಕೆಲಸ ಯಾರೂ ಕಲಿಸಿದ್ದಲ್ಲ. ಮೊದಮೊದಲು ಅವರು ಹಾಡುವವರ ಮುಖ ಬರೆದು, ಬಾಯಿ ಅಗಲ ತೆರೆಸಿ, ಪಕ್ಕದಲ್ಲಿ ಗುಳ್ಳೆ ಮಾಡಿ ಅದರೊಳಗೆ ಸಾಹಿತ್ಯ ತುಂಬುತ್ತಿದ್ದರು. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕೊನೆಗೆ ಒಂದು ಹುಡುಗಿ, ಇವರೆಲ್ಲ ಹಲ್ಲಿನ ಡಾಕ್ಟರ್ ಹತ್ತಿರ ಬಂದಿದ್ದಾರಾ ಎಂದು ಕೇಳಿದಳು. ಅದನ್ನು ಹೇಳುವಾಗ ಅಕ್ಕ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಅಯ್ಯೋ, ನಿಜವಾಗ್ಲೂ ಹಾಗೇ ಇತ್ತು! ಆವತ್ತಿಂದ ಬಾಯಿ ಬರೆಯೋದೇ ಬಿಟ್ಟೆ."

ಬಾಯಿ ಬರೆಯುವುದು ಬಿಟ್ಟ ಮೇಲೆ ಹಾಡು ಹಾಳೆಯ ಬೇರೆ ಕಡೆಗಳಿಗೆ ಹಬ್ಬಿತು. ಎಳೆದು ಹಾಡುವ ಸಾಲಿಗೆ ಉದ್ದನೆಯ ಚೌಕ, ಚುರುಕಾಗಿ ಓಡುವ ಸಾಲಿಗೆ ಪುಟ್ಟಪುಟ್ಟ ಚೌಕಗಳು. ದನಿ ಮೇಲೇರಿದರೆ ಚಿತ್ರದ ಮನುಷ್ಯರೂ ಚೌಕದ ಮೇಲಂಚಿಗೆ ಏರುತ್ತಾರೆ, ಇಳಿದರೆ ಇಳಿಯುತ್ತಾರೆ. ಬರೀ ವಾದ್ಯ ನುಡಿಯುವ ಕಡೆ ಮಾತಿಲ್ಲ, ಗಾಳಿಗೆ ಅಲ್ಲಾಡುವ ಒಣಹಾಕಿದ ಬಟ್ಟೆಯೋ ಮತ್ತೊಂದೋ ಇರುತ್ತದೆ. ಕೇಳುವಾಗ ಸುಲಭ ಎನಿಸುತ್ತದೆ. ಆದರೆ ಒಂದು ಹಾಡಿಗೆ ಒಂದೊಂದು ಸಲ ವಾರವೇ ಹಿಡಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಅವರ ಒಡಹುಟ್ಟಿದ ತಮ್ಮ. ಅವನು ಬಡಗಿ, ಹುಟ್ಟಿನಿಂದ ಕಿವಿ ಕೇಳದು. ವಯಸ್ಸು ಮೂವತ್ತು ದಾಟಿದರೂ ಬೀದಿಗೆಲ್ಲ ಅವನು ತಮ್ಮನೇ, ಇಲ್ಲೂ ಹಾಗೇ ಇರಲಿ. ಅಕ್ಕನ ಕಾಮಿಕ್ಸಿಗೆ ಮೊದಲ ಓದುಗ ಅವನು, ಮುಲಾಜಿಲ್ಲದ ಓದುಗನೂ ಅವನೇ. ಒಂದು ಹಾಡಿನಲ್ಲಿ ಪಲ್ಲವಿ ಮತ್ತೆ ಮತ್ತೆ ಬರುತ್ತದಲ್ಲ, ಅಕ್ಕ ಏನು ಮಾಡಿದರು? ಜೆರಾಕ್ಸ್ ಅಂಗಡಿಯವರು ಇನ್ನೇನು ಮಾಡುತ್ತಾರೆ! ಪಲ್ಲವಿಯ ಪುಟವನ್ನು ಒಮ್ಮೆ ಬರೆದು, ಬೇಕಾದಷ್ಟು ಪ್ರತಿ ತೆಗೆದು, ಚರಣಗಳ ನಡುವೆ ಸೇರಿಸಿ ಪಿನ್ ಹೊಡೆದರು. ತಮ್ಮ ಓದಿ ಮುಗಿಸಿದವನೇ ಆ ಪುಟಗಳನ್ನು ನೀಟಾಗಿ ಕಿತ್ತು ಕೌಂಟರಿನ ಮೇಲಿಟ್ಟ. ಹಾಳೆ ಜಾಸ್ತಿ ಬಂದುಬಿಟ್ಟಿದೆ, ಮಷೀನ್ ನೋಡಿಸು ಎಂದು ಕೈಯಾಡಿಸಿದ.

"ನನಗೆ ಮೊದಲು ಸಿಟ್ಟು ಬಂತು," ಎನ್ನುತ್ತಾರೆ ಅಕ್ಕ. "ಆಮೇಲೆ ನಾನೇ ಒಂದ್ಸಲ ಬಾಯಿಬಿಟ್ಟು ಹಾಡಿ ನೋಡ್ದೆ. ಮೊದಲ್ನೇ ಸಲ ಹಾಡಿದ ಪಲ್ಲವಿ ಬೇರೆ, ಚರಣ ಮುಗಿಸ್ಕೊಂಡು ಬಂದು ಹಾಡಿದ್ದೇ ಬೇರೆ. ಮಾತು ಅವೇ, ಆದ್ರೆ ಮನಸ್ಸು ಅಷ್ಟರಲ್ಲಿ ಎಲ್ಲೆಲ್ಲೋ ಹೋಗಿ ಬಂದಿರುತ್ತೆ. ಅವನು ಹಾಳೆ ಕಿತ್ತಿದ್ದೇ ಸರಿ."

ಆವತ್ತಿನಿಂದ ಅಂಗಡಿಗೊಂದು ಕಟ್ಟಳೆ ಹುಟ್ಟಿತು. ಪುಸ್ತಕಕ್ಕೆ ಜೆರಾಕ್ಸ್ ಇದೆ, ಪುಸ್ತಕದೊಳಗಿನ ಪಲ್ಲವಿಗೆ ಇಲ್ಲ. ಅದು ಎಷ್ಟು ಸಲ ಬಂದರೂ ಅಷ್ಟೂ ಸಲ ಹೊಸದಾಗಿ ಕೈಯಲ್ಲೇ ಬರೆಯಬೇಕು. ದಿನವಿಡೀ ಊರಿನ ಕಾಗದಪತ್ರಗಳಿಗೆ ನಕಲು ತೆಗೆಯುವ ಹೆಂಗಸು ಬೆಳಗಿನ ಒಂದು ಹೊತ್ತು ನಕಲಿನ ಸುದ್ದಿಗೇ ಹೋಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ತಮ್ಮ ತನಗೊಂದು ಹಾಡು ಬೇಕೆಂದು ಕೇಳಿದ. ಅಷ್ಟು ವರ್ಷದಲ್ಲಿ ಅವನಾಗಿಯೇ ಬಾಯಿಬಿಟ್ಟು, ಅಂದರೆ ಕೈಯೆತ್ತಿ, ಕೇಳಿದ್ದು ಅದೊಂದೇ. ಅವನ ಹೆಂಡತಿ ಆಗ ತುಂಬಿದ ಗರ್ಭಿಣಿ. ಹುಟ್ಟುವ ಮಗುವಿಗೆ ನಾನೂ ಒಂದು ಹಾಡು ಹೇಳಬೇಕು, ಅಮ್ಮ ನನಗೆ ಹೇಳುತ್ತಿದ್ದಳಲ್ಲ, ಅದನ್ನೇ ಬರೆದುಕೊಡು ಎಂದ. ಆದರೆ ಆ ಹಾಡಿಗೆ ಆ ಮನೆಯಲ್ಲಿ ಬೀಗ ಬಿದ್ದು ಬಹಳ ಕಾಲವಾಗಿತ್ತು.

ಅವರ ತಾಯಿ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದವರು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ತಲೆ ಎದೆಗಾನಿಸಿಕೊಂಡು, ಕಾಲಲ್ಲಿ ಮಷೀನ್ ತುಳಿಯುತ್ತ, ತಾವೇ ಕಟ್ಟಿದ ಒಂದು ಹಾಡು ಹೇಳುತ್ತಿದ್ದರು. ಹುಡುಗ ಮಾತಾಡುವುದು ತಡವಾಯಿತು. ಗಂಡು ಮಕ್ಕಳು ಮಾತು ತಡ ಬಿಡಿ ಎಂದು ಎಲ್ಲರೂ ಸಮಾಧಾನ ಹೇಳಿದರು. ನಾಲ್ಕು ತುಂಬುವ ಹೊತ್ತಿಗೆ ಡಾಕ್ಟರು ವಿಷಯ ಹೇಳಿದರು. ತಾಯಿ ಮನೆಗೆ ಬಂದು ಮಷೀನಿನ ಮುಂದೆ ಕೂತರು, ಹೊಲಿದರು, ಹಾಡಲಿಲ್ಲ. ಆಮೇಲೆಂದೂ ಹಾಡಲಿಲ್ಲ. "ಗೋಡೆಗೆ ಹಾಡಿದ್ದು ಸಾಕು" ಎಂದು ಒಂದೇ ಮಾತು.

"ಗೋಡೆ ಅಂದಿದ್ದು ಇವನನ್ನಲ್ಲ," ಎಂದು ಅಕ್ಕ ತಾಯಿಯ ಪರ ವಹಿಸುತ್ತಾರೆ. "ತನ್ನ ಮೇಲೇ ಅವಳಿಗೆ ಸಿಟ್ಟು. ಮಗು ನಗ್ತಾ ಇತ್ತು, ಹಾಡಿಗೇ ನಗ್ತಿದೆ ಅಂದ್ಕೊಂಡಿದ್ದೆ, ಎಂಥಾ ಪೆದ್ದಿ ನಾನು ಅಂತ."

ಅಕ್ಕನಿಗೆ ಪಲ್ಲವಿಯಷ್ಟೇ ನೆನಪಿತ್ತು. ಚರಣ ಶುರುವಾಗುವ ಹೊತ್ತಿಗೆ ಪಕ್ಕದ ಚಾಪೆಯಲ್ಲಿ ತಾವೇ ನಿದ್ದೆ ಹೋಗಿರುತ್ತಿದ್ದರಂತೆ. ತಾಯಿಯನ್ನು ಕೇಳಿದರು. ಗೋಗರೆದರು. ಮೊಮ್ಮಗುವಿನ ಹೆಸರು ಹೇಳಿ ಮರುಳು ಮಾಡಲು ನೋಡಿದರು. ತಾಯಿ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. "ಬೇರೆ ಹಾಡು ಇಲ್ವೇನೇ ಪ್ರಪಂಚದಲ್ಲಿ? ಯಾವುದಾದ್ರೂ ಒಂದು ಬರ್ಕೊಡು ಹೋಗು," ಎಂದು ಎದ್ದುಹೋದರು. ದಿನಗಳು ಹತ್ತಿರ ಬರುತ್ತಿದ್ದವು. ಅಕ್ಕ ತಲೆ ಕೆಡಿಸಿಕೊಂಡು, ಕೊನೆಗೆ ಕೈಲಿದ್ದಷ್ಟನ್ನೇ ಬರೆದರು. ಪಲ್ಲವಿಯ ಪುಟಗಳನ್ನು ಒಂದೊಂದನ್ನೂ ಕೈಯಲ್ಲೇ ಬರೆದು, ಚರಣಗಳ ಜಾಗದಲ್ಲಿ ಖಾಲಿ ಚೌಕಗಳನ್ನು ಬಿಟ್ಟರು.

ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅದನ್ನು ತಮ್ಮನ ಮುಂದಿಟ್ಟರು. ತಾಯಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಚಿತ್ರದಲ್ಲಿ ಅಮ್ಮ, ಮಷೀನು, ತೊಡೆಯ ಮೇಲೆ ಕೂಸು. ಮೂರರ ಸುತ್ತಲೂ ಒಂದೇ ಬಗೆಯ ಅದುರುವ ಗೆರೆಗಳು. ತಮ್ಮ ತುಂಬ ಹೊತ್ತು ನೋಡಿದ. ಆಮೇಲೆ ತಲೆಯಲ್ಲಾಡಿಸಿದ. ತಪ್ಪು, ಎರಡೂ ಒಂದೇ ಥರ ಅದುರುತ್ತಿರಲಿಲ್ಲ ಎಂದು ಕೈಯಾಡಿಸಿದ. ಮಷೀನ್ ಹೀಗೆ ಎಂದು ಮೇಜಿನ ಮೇಲೆ ಬೆರಳಿನಿಂದ ಒಂದೇ ಸಮನೆ ಟಕಟಕ ಕುಟ್ಟಿದ. ಅಮ್ಮ ಹೀಗೆ ಎಂದು ಅಂಗೈಯಿಂದ ಬೇರೆ ಥರ ತಟ್ಟತೊಡಗಿದ. ಅದು ಎಳೆಯಿತು, ನಿಂತಿತು, ತಡವರಿಸಿ ಬೇರೆಲ್ಲೋ ಹೋಯಿತು, ಸುತ್ತಿಕೊಂಡು ಮತ್ತೆ ಮೊದಲಿನ ಜಾಗಕ್ಕೇ ಬಂತು.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ತಾಯಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು.

"ಇವನಿಗೆ ಇದನ್ನ ಯಾರೇ ಹೇಳ್ಕೊಟ್ರು?"

"ನನಗೆ ಪೂರ್ತಿ ಬರಲ್ವಲ್ಲಮ್ಮ, ನಾನೆಲ್ಲಿಂದ ಹೇಳ್ಕೊಡ್ಲಿ? ನೀನೇ ಹೇಳ್ಕೊಟ್ಟಿದ್ದು," ಎಂದರು ಅಕ್ಕ.

ತಮ್ಮ ತಾಯಿಯನ್ನು ನೋಡಿದ. ತನ್ನ ಕಿವಿಯ ಹಿಂಭಾಗ ಮುಟ್ಟಿಕೊಂಡು, ಅವರ ಎದೆಯತ್ತ ಕೈ ತೋರಿಸಿದ. ಮತ್ತೆ ಮೇಜು ತಟ್ಟಿದ, ಮೊದಲಿಂದ ಕೊನೆಯವರೆಗೆ. ತಾಯಿ ಕುರ್ಚಿ ಎಳೆದುಕೊಂಡು ಕೂತರು, ಸೆರಗಿನಿಂದ ಕೈಯನ್ನೂ ಕಣ್ಣನ್ನೂ ಒರೆಸಿಕೊಂಡರು. ಹಾಳೆಗಳನ್ನು ತಮ್ಮತ್ತ ತಿರುಗಿಸಿಕೊಂಡು ಖಾಲಿ ಚೌಕದ ಮೇಲೆ ಬೆರಳಿಟ್ಟರು.

"ಇಲ್ಲಿ ಗುಂಡಿ ಬರ್ಬೇಕು ಕಣೇ," ಎಂದರು. ಮತ್ತೆ ಹಾಡಿದರು.

ಒಂದು ಹೊಲಿಗೆ ನಿನಗೆ ಕಂದ, ಒಂದು ಹೊಲಿಗೆ ಊರಿಗೆ,
ಊರ ಅಂಗಿ ನಾಳೆ ಇರಲಿ, ನಿನ್ನ ಅಂಗಿ ಈ ಗಳಿಗೆ.

ಗುಂಡಿ ಒಂದು ಉರುಳಿ ಹೋಯ್ತು, ಯಾರು ಕಂಡಿರೇನು?
ಮಂಚದಡಿಯ ಕತ್ತಲೊಳಗೆ ಚಂದ್ರನಾಯಿತೇನು?

ದಾರ ಮುಗಿದರೇನು ಕಂದ, ಇರುಳು ಮುಗಿಯಲಿಲ್ಲ,
ಕಣ್ಣು ಮುಚ್ಚು, ನಿನ್ನ ಕನಸ ನಾನು ಹೊಲಿವೆನಲ್ಲ.

ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಚರಣ ಮುಗಿದಾಗಲೆಲ್ಲ ಪಲ್ಲವಿಗೆ ಮರಳಿದರು. ತಮ್ಮ ಅವರ ಹಿಂದೆ ನಿಂತು ಬೆನ್ನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಬಿಕ್ಕುತ್ತಿದ್ದಳು. "ನಾನು ಅಳ್ತಾನೇ ಬರೆದೆ," ಎನ್ನುತ್ತಾರೆ ಅಕ್ಕ. "ಒಂದು ಚೌಕದಲ್ಲಿ ಶಾಯಿ ಹರಡಿದೆ ನೋಡಿ. ಅದನ್ನ ತಿದ್ದಲಿಲ್ಲ. ಮಂಚದಡಿ ಕತ್ತಲಿಗೆ ಸರಿಹೋಯ್ತು."

ಆ ಪುಸ್ತಕದಲ್ಲಿ ಮಷೀನಿನ ಸುತ್ತ ಗಿಡ್ಡ ಗೆರೆಗಳು ಒಂದೇ ಅಳತೆಯಲ್ಲಿ ಸಾಲಾಗಿವೆ. ಅಮ್ಮನ ಎದೆಯಿಂದ ಹೊರಟ ಗೆರೆ ಬೇರೆ. ಅದು ಅಲೆಯಾಗಿ ಹರಿದು, ಕಡಿದು, ಮುಂದಿನ ಚೌಕದಲ್ಲಿ ಮತ್ತೆ ಸೇರಿಕೊಳ್ಳುತ್ತದೆ. ಉರುಳಿದ ಗುಂಡಿ ಮಂಚದಡಿಯಲ್ಲಿ ದುಂಡಗೆ ಹೊಳೆಯುತ್ತಿದೆ. ಕೊನೆಯ ಪಲ್ಲವಿಯಲ್ಲಿ ಮಷೀನಿಲ್ಲ, ಅಮ್ಮನೂ ಇಲ್ಲ. ಒಬ್ಬ ಬಡಗಿ ಎದೆಯ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದಾನೆ, ಆ ಅಲೆಯ ಗೆರೆ ಈಗ ಅವನೆದೆಯಿಂದ ಹೊರಟಿದೆ. ಮಗು ಹುಟ್ಟಿದ ವಾರಕ್ಕೇ ಅವನು ಅದನ್ನು ಹಾಗೇ ಮಲಗಿಸಿಕೊಂಡು, ಪುಸ್ತಕ ನೋಡುತ್ತ, ಯಾರ ಮುಂದೂ ಎತ್ತದ ತನ್ನ ದನಿಯನ್ನು ಎತ್ತಿದನಂತೆ. ಸ್ವರ ಹೇಗಿತ್ತು ಎಂದು ಕೇಳಿದರೆ ಅಕ್ಕ ಗದರುತ್ತಾರೆ. "ಹೇಗಿದ್ರೇನ್ರೀ? ಮಗು ಮಲಗ್ತು."

ಮಗು ಹೆಣ್ಣು. ಅದಕ್ಕೆ ಕಿವಿ ಕೇಳುತ್ತಾ ಎಂದು ಬಂದವರೆಲ್ಲ ಮೆಲ್ಲಗೆ ವಿಚಾರಿಸುತ್ತಾರೆ. "ಕೇಳುತ್ತೆ. ಕೇಳ್ದಿದ್ರೂ ನಮ್ಮನೇಲಿ ಹಾಡಿಗೆ ಬರ ಇರ್ತಿರ್ಲಿಲ್ಲ," ಎನ್ನುವ ಅಕ್ಕ ತಾವು ಮಾಡಿದ್ದೇನೂ ಇಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. "ಹಲ್ಲಿನ ಡಾಕ್ಟರ್ ಅಂದ ಹುಡುಗಿ, ಹಾಳೆ ಕಿತ್ತ ತಮ್ಮ, ಅವರಿಬ್ಬರ ಋಣ ಇದು. ಅವರು ಚೆನ್ನಾಗಿದೆ ಚೆನ್ನಾಗಿದೆ ಅಂದು ಸುಮ್ಮನಾಗಿದ್ರೆ ನಾನು ಇವತ್ತಿಗೂ ಬಾಯಿಗಳನ್ನೇ ಬರೀತಿದ್ದೆ."

ಹೊರಗೆ ಬೀದಿ ಎದ್ದಿದೆ. ಯಾರೋ ಶಟರ್ ತಟ್ಟುತ್ತಾರೆ, ಒಂದು ಗುರುತಿನ ಚೀಟಿಯ ಪ್ರತಿ ಬೇಕಂತೆ. ಬಂದೆ, ಒಂದು ನಿಮಿಷ ಎಂದು ಅಕ್ಕ ಗಾಜಿನ ಮೇಲಿನ ಹಾಳೆಯನ್ನು ಜೋಪಾನವಾಗಿ ಎತ್ತುತ್ತಾರೆ. ಬೆಳಗಿನಿಂದ ಬರೆಯುತ್ತಿದ್ದುದು ಹೊಸ ಹಾಡಲ್ಲ, ಹೊಲಿಗೆಯ ಹಾಡೇ. ಎದುರಿನ ಶಾಲೆಯ ಟೀಚರ್ ಮಕ್ಕಳಿಗಾಗಿ ಒಂದು ಪ್ರತಿ ಕೇಳಿದ್ದಾರೆ. ಮೊದಲ ಪುಸ್ತಕವನ್ನು ಇದೇ ಮಷೀನಿಗೆ ಕೊಟ್ಟಿದ್ದರೆ ಕ್ಷಣದ ಕೆಲಸ. ಯಾಕೋ ಮನಸ್ಸು ಬರಲಿಲ್ಲವಂತೆ.

"ಈ ಸಲ ಗುಂಡಿಯ ಚೌಕ ಸ್ವಲ್ಪ ಉದ್ದ ಬಂದಿದೆ," ಎಂದು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ. "ಏನ್ಮಾಡ್ಲಿ? ಇವತ್ತು ಬೆಳಿಗ್ಗೆ ಮೊಮ್ಮಗಳಿಗೆ ಹಾಡುವಾಗ ಅಮ್ಮ ಅಲ್ಲಿ ಒಂಚೂರು ಎಳೆದ್ಲು."