ತುಂಬಿದ್ದೋ, ನಡೀತಿದ್ದೋ

ಪ್ರತಿ ಸಾಲು ಮುಗಿಯುವಾಗ ಟೈಪ್‌ರೈಟರಿನ ಗಂಟೆ ಟಿಣ್ ಎನ್ನುತ್ತಿತ್ತು. ಶಿರಸಿ ಕೋರ್ಟಿನ ಹೊರಗೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ ಟೈಪಿಸ್ಟರೊಬ್ಬರು ಆಗೊಮ್ಮೆ ಈಗೊಮ್ಮೆ ಕನ್ನಡಕ ಮೇಲೇರಿಸಿಕೊಳ್ಳುತ್ತಿದ್ದರು.

ಡೈವೋರ್ಸಿಗೆ ಹಾಕಿದ್ದ ನನ್ನ ಚಿಕ್ಕಮ್ಮ, ಮಗಳು ತನ್ನ ಬಳಿಯೇ ಇರಲಿ ಎಂದು ಅವರಲ್ಲಿ ಅರ್ಜಿ ಬರೆಸಲು ಬಂದಿದ್ದಳು. ಇಂಗ್ಲಿಷ್ ಓದಿ ನೋಡಲು ಕಾನ್ವೆಂಟಿನ ಹುಡುಗಿ ನಾನು ಜೊತೆಗಿದ್ದೆ.

"ಕೂಸಿಗೆ ಎಷ್ಟು ವರ್ಷಾತೇ ತಂಗಿ?"

"ಐದು" ಎಂದಳು ಚಿಕ್ಕಮ್ಮ.

ನಮ್ಮಲ್ಲಿ ನಡೆಯುತ್ತಿರುವ ವರ್ಷವನ್ನೇ ಹೇಳುವುದು ರೂಢಿ. ಕೂಸಿಗೆ ತುಂಬಿದ್ದು ನಾಲ್ಕೇ. ಅವರು 'ಏಜ್ಡ್ ಫೈವ್ ಇಯರ್ಸ್' ಎಂದು ಹೊಡೆದರು. ನಾನು ಓದಿ, "ಎಲ್ಲಾ ಕರೆಕ್ಟ್ ಇದ್ದು ಚಿಕ್ಕಿ" ಎಂದೆ.

ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹೊಸ ಕಾಯಿದೆ ಹೇಳುತ್ತಿತ್ತು. ಗಂಡನ ಕಡೆಯ ವಕೀಲರು ಆ ಒಂದು ಸಾಲನ್ನೇ ಹಿಡಿದರು. ತುಂಬಿದ್ದು ನಾಲ್ಕೇ ಎಂದು ತೋರಿಸಬಹುದಾಗಿದ್ದ ಕೂಸಿನ ಜಾತಕ ಗಂಡನ ಮನೆಯಲ್ಲೇ ಉಳಿದಿತ್ತು. ಕೂಸಿನ ಅಪ್ಪ ಕೇಸು ಗೆದ್ದು ಅವಳನ್ನು ಎತ್ತಿಕೊಂಡು ಹೋದ ದಿನ ಟೈಪ್‌ರೈಟರಿನ ಮುಚ್ಚಳ ತೆರೆಯಲೇ ಇಲ್ಲ.

ಆಮೇಲೆ ಯಾರು ವಯಸ್ಸು ಹೇಳಿದರೂ ಟೈಪಿಸ್ಟರದು ಒಂದೇ ಪ್ರಶ್ನೆ: "ತುಂಬಿದ್ದೋ, ನಡೀತಿದ್ದೋ?" ಎಂಬತ್ತರ ಅಜ್ಜನೊಬ್ಬ, "ಎಂಬತ್ತರ ಮೇಲೆ ನಡೀತಿಲ್ಲೆ ಮಾರಾಯಾ, ತೆವಳ್ತು!" ಎಂದನಂತೆ. ಸುತ್ತಲಿದ್ದವರೆಲ್ಲ ನಕ್ಕರೂ ಅವರು ನಗಲಿಲ್ಲವಂತೆ.

ಕೊನೆಯ ಸಲ ಅವರನ್ನು ಕಂಡದ್ದು ನನ್ನದೇ ಒಂದು ಅಫಿಡವಿಟ್ಟಿಗೆ ಹೋದಾಗ. ವಯಸ್ಸು ಇಪ್ಪತ್ತು ಎಂದೆ. ಬೆರಳುಗಳು ನಿಂತವು. ತಲೆಯೆತ್ತದೆ, ಮೆಲ್ಲಗೆ, ಅದನ್ನೇ ಕೇಳಿದರು.

"ತುಂಬಿದ್ದು" ಎಂದೆ.

ಟೈಪ್ ಮುಗಿದ ಮೇಲೆ ಕಾಗದವನ್ನು ನನ್ನತ್ತ ತಿರುಗಿಸಿ, "ಓದಿ ನೋಡೇ ತಂಗಿ" ಎಂದರು. ಇಬ್ಬರೂ ಕೂತು ಮೂರು ಸಲ ಓದಿದೆವು.